ಮೇ ತಿಂಗಳ ಹತ್ತೊಂಬತ್ತು ದಿನ

ಇಕ್ಕಳದ ಮೊಳೆಯ ಸಂದಿಯಲ್ಲಿ ಒಣಗಿ ಕೂತಿದ್ದ ರಕ್ತದ ಕಲೆಯನ್ನು ಎಡೆಲ್ಮಿರ ಸಣ್ಣ ಬ್ರಶ್ಶಿನಿಂದ ಉಜ್ಜುತ್ತಿದ್ದಳು. ಬೆಳಗಿನ ಇಬ್ಬರು ರೋಗಿಗಳ ಸಾಮಾನು ಸಿಂಕಿನಲ್ಲಿತ್ತು. ಕನ್ನಡಿಗಳು, ಚಿಮುಟಗಳು ಮುಗಿದಿದ್ದವು. ಹಲ್ಲು ಕೀಳುವ ಇಕ್ಕಳಗಳನ್ನು ಅವಳು ಯಾವಾಗಲೂ ಕೊನೆಗೆ ಉಳಿಸಿಕೊಳ್ಳುತ್ತಿದ್ದಳು. ಅವಸರ ಮಾಡಿದರೆ ಕೊಳೆ ಒಳಗೇ ಉಳಿಯುವುದು ಅವುಗಳಲ್ಲಿ. ಇಪ್ಪತ್ತಮೂರು ವರ್ಷ ಇದೇ ಸಿಂಕಿನ ಮುಂದೆ ನಿಂತು ಅವಳ ಬೆರಳುಗಳಿಗೇ ಕಣ್ಣು ಮೂಡಿದ್ದವು. ಎಲ್ಲಿ ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವಳು ಯೋಚಿಸುತ್ತಿರಲಿಲ್ಲ.

"ಗುರುವಾರ ಬರ್ತಾರಂತೆ," ಎಂದರು ಡಾಕ್ಟರ್ ಲಿಸಾಂದ್ರೊ ಪಿನ್ಸೋನ್. ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲೊಂದು ಕಾಗದವಿತ್ತು.

"ಯಾರು ಡಾಕ್ಟ್ರೇ?"

"ಇನ್ಯಾರು, ನಿನ್ನ ಮದುವೆ ದಿಬ್ಬಣವಾ? ಆರೋಗ್ಯ ಇಲಾಖೆಯೋರು. ತಪಾಸಣೆಗೆ."

ಅವಳು ನಲ್ಲಿ ನಿಲ್ಲಿಸಿದಳು. "ಇವತ್ತು ಸೋಮವಾರ ಆಗೋಯ್ತಲ್ಲ."

"ಅದು ನನಗೂ ಗೊತ್ತು ಮಗಳೇ. ಕಾಗದ ಬಂದು ಎಂಟು ದಿನ ಆಗಿದೆ. ನನ್ನ ಹೆಂಡತಿ ಅದನ್ನ ಯಾವುದೋ ಚೀಟಿ ಜೊತೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಬಿಟ್ಟಿದ್ದಾಳೆ."

ಸಪತೋಕದಂಥ ಗುಡ್ಡದ ಮೇಲಿನ ಊರಿಗೆ ತಪಾಸಣೆಯವರು ಬರುವುದು ನಾಲ್ಕೈದು ವರ್ಷಕ್ಕೊಮ್ಮೆ. ಹಿಂದಿನ ಸಲ ಬಂದವರು ನೋಡಿದ್ದು ಕೈತೊಳೆಯುವ ಸಿಂಕು, ಬೆಂಕಿ ಆರಿಸುವ ಸಿಲಿಂಡರು ಮತ್ತು ಕಡತಗಳು. ಮುಖ್ಯವಾಗಿ ಕಡತಗಳು. ಒಂದೇ ಕುರ್ಚಿ, ಎರಡೇ ಕೋಣೆಯ ಇಂಥ ಕ್ಲಿನಿಕ್ಕುಗಳಿಗೆಲ್ಲ ಬುಕಾರಮಾಂಗ ಪೇಟೆಯಿಂದ ಒಬ್ಬ ಸಲಹೆಗಾರ ಬರುತ್ತಿದ್ದ. ಕೈ ಹೇಗೆ ತೊಳೆಯಬೇಕು, ಕಸ ಯಾವ ಬಣ್ಣದ ಚೀಲಕ್ಕೆ ಹಾಕಬೇಕು, ಭೂಕಂಪವಾದರೆ ಎಲ್ಲಿ ನಿಲ್ಲಬೇಕು ಎಂದೆಲ್ಲ ಮುದ್ರಿಸಿದ ಮೂರು ದಪ್ಪ ಕಡತಗಳನ್ನು ಮಾರಿ ಹೋಗುತ್ತಿದ್ದ. ಯಾರೂ ಅವನ್ನು ಓದುತ್ತಿರಲಿಲ್ಲ. ಓದಲೆಂದು ಯಾರೂ ಕೊಳ್ಳುತ್ತಲೂ ಇರಲಿಲ್ಲ. ಕಪಾಟಿನಲ್ಲಿ ಕಣ್ಣಿಗೆ ಬೀಳುವ ಹಾಗೆ ಇಟ್ಟರೆ ಆಯಿತು.

ಜನವರಿಯಲ್ಲಿ ಕೊಂಡ ಹೊಸ ಕಡತದ ಕೊನೆಗೆ ಖಾಲಿ ಹಾಳೆಗಳ ಒಂದು ಕಟ್ಟು ಇತ್ತು. ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವಿನ ದಾಖಲೆ ಅದು. ಆ ಯಂತ್ರವನ್ನು ಅವರಿಬ್ಬರೂ ಕುಕ್ಕರ್ ಅಂತಲೇ ಕರೆಯುತ್ತಿದ್ದರು. ದಿನಕ್ಕೆ ಮೂರು ಸಲ ಕುಕ್ಕರ್ ಹಾಕಿದಾಗಲೂ ಗಂಟೆ, ಶಾಖ, ನಿಮಿಷ ಬರೆದು, 'ಜವಾಬ್ದಾರರು' ಎಂಬ ಅಂಕಣದಲ್ಲಿ ಸಹಿ ಹಾಕಬೇಕು. ಎಡೆಲ್ಮಿರ ಫೆಬ್ರುವರಿಯ ಮೊದಲ ವಾರದವರೆಗೆ ಬರೆದಿದ್ದಳು. "ಇದನ್ನ ಬರೀತಾ ಕೂತ್ರೆ ಬಾಯಿ ತೆರೆದು ಕೂತೋರ ಎಂಜಲು ಯಾರು ಎಳೀತಾರೆ? ಆಮೇಲೆ ಒಟ್ಟಿಗೆ ಬರೆದ್ರಾಯ್ತು ಬಿಡು," ಎಂದಿದ್ದರು ಡಾಕ್ಟರು. ಅವಳು ಬಿಟ್ಟಿದ್ದಳು.

ಮಂಗಳವಾರ ಮಧ್ಯಾಹ್ನ ಬಾಗಿಲಿಗೆ 'ಊಟದ ಸಮಯ' ಎಂಬ ಫಲಕ ತೂಗಿಹಾಕಿ, ಇಬ್ಬರೂ ರೋಗಿಗಳು ಕಾಯುವ ಕೋಣೆಯಲ್ಲಿ ಗಾಜಿನ ಮೇಜಿನ ಮುಂದೆ ಕೂತರು. ಡಾಕ್ಟರು ಮೂರು ಪೆನ್ನು ತಂದಿದ್ದರು.

"ನಾಲ್ಕು ದಿನಕ್ಕೊಮ್ಮೆ ಪೆನ್ನು ಬದಲಾಯಿಸು. ಒಂದೇ ಪೆನ್ನಾದ್ರೆ ಸಿಕ್ಕಿಬೀಳ್ತೀವಿ. ಅಕ್ಷರಾನೂ ಒಂದೊಂದ್ಸಲ ಸೊಟ್ಟ ಬರಿ. ಸುಸ್ತಾದೋರು ಬರೆದ ಹಾಗೆ ಇರ್ಲಿ."

"ಸುಸ್ತಾಗೇ ಇದೀನಿ ಡಾಕ್ಟ್ರೇ, ನಟನೆ ಬೇಕಾಗಿಲ್ಲ."

ಅವರು ನಕ್ಕರು. ಗೋಡೆಯ ಕ್ಯಾಲೆಂಡರ್ ನೋಡುತ್ತ ಅವರು ಹೇಳಿದರು, ಅವಳು ಬರೆದಳು. ಎಂಟು ಗಂಟೆ, ನೂರ ಇಪ್ಪತ್ತೊಂದು ಡಿಗ್ರಿ, ಮೂವತ್ತು ನಿಮಿಷ, ಸಹಿ. ಹನ್ನೊಂದು ಗಂಟೆ, ನೂರ ಇಪ್ಪತ್ತೊಂದು, ಮೂವತ್ತು, ಸಹಿ. ಮಾರ್ಚ್ ಮುಗಿದಾಗ ಅವರು ಚಮಚದಲ್ಲಿ ಕಾಫಿ ತೆಗೆದು, ಒಗ್ಗರಣೆಗೆ ಎಣ್ಣೆ ಬಿಡುವವರ ಹಾಗೆ ಹುಷಾರಾಗಿ, ಹಾಳೆಯ ಮೂಲೆಗೆ ಎರಡು ಹನಿ ಬಿಟ್ಟರು. ಎಪ್ಪತ್ತು ವರ್ಷದ ಮನುಷ್ಯ ಶಾಲೆಯ ಹುಡುಗನ ಹಾಗೆ ಖುಷಿಯಾಗಿದ್ದರು. ಅವಳಿಗೂ ನಗು ಬಂತು. ಕೆಲಸಕ್ಕೆ ಸೇರಿದ ಮೊದಲ ವಾರದಿಂದ ಅವರು ಅವಳನ್ನು ಮಗಳೇ ಎಂದೇ ಕರೆದವರು. ಅವಳ ಅಮ್ಮನಿಗೆ ಹಲ್ಲಿನ ಸೆಟ್ಟು ಕಟ್ಟಿಸಿಕೊಟ್ಟವರು. ಅಪ್ಪನ ಮುಖ ನೆನಪಿಲ್ಲದವಳಿಗೆ ಆ ಒಂದು ಮಾತಿನ ನೆರಳು ಇಷ್ಟು ವರ್ಷ ಸಾಕಾಗಿತ್ತು.

"ಮೇ ಎಂಟು," ಎಂದರು ಡಾಕ್ಟರು. "ಎಂಟು ಗಂಟೆ. ನೂರ ಇಪ್ಪತ್ತೊಂದು."

ಅವಳ ಪೆನ್ನು ನಿಂತಿತು.

"ಡಾಕ್ಟ್ರೇ, ಮೇ ಎಂಟಕ್ಕೆ ಕುಕ್ಕರ್..."

"ಬರಿ."

ಅವರ ದನಿ ಏರಿರಲಿಲ್ಲ, ಇಳಿದೂ ಇರಲಿಲ್ಲ. ಅವಳು ಬರೆದಳು.

ಮೇ ಎಂಟನೇ ತಾರೀಕು ಬೆಳಗ್ಗೆ ಕುಕ್ಕರ್ ಸತ್ತಿತ್ತು. ಒಳಗಿನ ಕಾಯಿಲ್ ಸುಟ್ಟು, ಕೋಣೆಯೆಲ್ಲ ಕಮಟು ವಾಸನೆ. ಕಂಪನಿಯ ಮೆಕ್ಯಾನಿಕ್ಕನ್ನು ಕರೆದರೆ ಅವನು ಯಂತ್ರ ಕೆಟ್ಟ ದಿನ, ಸರಿಯಾದ ದಿನ ಎರಡನ್ನೂ ಕಾಗದದಲ್ಲಿ ಬರೆದು ಕೊಟ್ಟು ಹೋಗುತ್ತಾನೆ. ಆ ಕಾಗದ ಬೇಡವೆಂದು ಡಾಕ್ಟರು ಸಂತೆ ಬೀದಿಯ ಕಾಫಿ ಯಂತ್ರ ರಿಪೇರಿಯವನನ್ನು ಕರೆಸಿದರು. ಅವನಿಗೆ ತಕ್ಕ ಕಾಯಿಲ್ ಸಿಕ್ಕಲು ಹತ್ತೊಂಬತ್ತು ದಿನ ಬೇಕಾಯಿತು. ಆ ಹತ್ತೊಂಬತ್ತು ದಿನ ಕ್ಲಿನಿಕ್ಕು ಮುಚ್ಚಲಿಲ್ಲ.

"ದ್ರಾವಣದಲ್ಲಿ ನೆನೆಸಿದ್ರೆ ಸಾಕು," ಎಂದಿದ್ದರು. "ನಾನು ಕಲಿತು ಬಂದ ಹೊಸದ್ರಲ್ಲಿ ಹಳ್ಳಿಲಿ ಹಾಲಿನ ಪಾತ್ರೇಲಿ ಕುದಿಸಿ ಹಲ್ಲು ಕೀಳ್ತಿದ್ವಿ. ಯಾರು ಸತ್ರು?"

ಕ್ರಿಮಿ ಕೊಲ್ಲುವ ಆ ದ್ರಾವಣದ ಡಬ್ಬಿಯ ಮೇಲೆ ಹತ್ತು ಗಂಟೆ ನೆನೆಯಬೇಕು ಎಂದು ಬರೆದಿತ್ತು. ಅವರ ಬಳಿ ಇದ್ದದ್ದು ಎರಡೇ ಜೊತೆ ಸಾಮಾನು. ಒಬ್ಬರು ಎದ್ದು ಇನ್ನೊಬ್ಬರು ಕೂರುವುದರೊಳಗೆ ಇಪ್ಪತ್ತೈದು ನಿಮಿಷ ನೆನೆಯುತ್ತಿತ್ತು. ಮೊದಲ ದಿನ ಅವಳು ಬೇಡವೆಂದಳು. ಎರಡನೇ ದಿನ ಬೇಡವೆಂದಳು. ಮೂರನೇ ದಿನ ಶಾಲೆಯ ಟೀಚರೊಬ್ಬಳು ಕುರ್ಚಿಯಲ್ಲಿ ಒರಗಿ, "ಇವತ್ತು ಲಕೋಟೆ ಇಲ್ವಾ ಎಡೆಲ್ಮಿರ? ಯಾವಾಗ್ಲೂ ಕಣ್ಣೆದುರಿಗೇ ಹರಿದು ತೆಗೀತಿದ್ದೆ," ಎಂದಳು.

ನಾಲ್ಕನೇ ದಿನದಿಂದ ಎಡೆಲ್ಮಿರ ದ್ರಾವಣದಿಂದ ತೆಗೆದ ಸಾಮಾನನ್ನು ಒರೆಸಿ, ಲಕೋಟೆಗೆ ಹಾಕಿ, ಅಂಟಿಸಿ, ರೋಗಿಯ ಕಣ್ಣೆದುರು ಹರಿಯತೊಡಗಿದಳು. ಸಾಮಾನನ್ನು ಒಳಗಿಟ್ಟು ಕುಕ್ಕರಿಗೆ ಹಾಕುವ ಆ ಕಾಗದದ ಲಕೋಟೆಯ ಅಂಚಿನಲ್ಲೊಂದು ಗುಲಾಬಿ ಗೆರೆಯಿರುತ್ತದೆ. ಹಬೆ ತಗುಲಿದರೆ ಅದು ಕಂದಾಗಬೇಕು. ರೋಗಿಗಳಿಗೆ ಅದೆಲ್ಲ ಗೊತ್ತಿರಲಿಲ್ಲ. ಹರಿದ ಸದ್ದು ಕೇಳಿದರೆ ಅವರಿಗೆ ನೆಮ್ಮದಿ.

ಹಾಗೆ ಮಾಡು ಎಂದು ಡಾಕ್ಟರು ಹೇಳಿರಲಿಲ್ಲ. ಅದು ಅವಳಿಗೇ ಹೊಳೆದದ್ದು. "ನೋಡು, ನಿನ್ನ ತಲೆ ನನ್ನ ತಲೆಗಿಂತ ಚುರುಕು," ಎಂದು ಅವರು ಹೊಗಳಿದ್ದರು. ಅವಳಿಗೆ ಆ ಗಳಿಗೆ ಸಂತೋಷವೂ ಆಗಿತ್ತು. ಈಗ ಪೆನ್ನು ಹಿಡಿದು ಕೂತವಳಿಗೆ ಎಲ್ಲಕ್ಕಿಂತ ಹೆಚ್ಚು ಕಹಿಯಾಗಿ ನಾಲಿಗೆಗೆ ಅಂಟಿದ್ದು ಆ ಸಂತೋಷವೇ.

ಹದಿನೇಳನೇ ತಾರೀಕಿನ ಸಾಲು ಬರೆಯುವಾಗ ಅವಳಿಗೆ ಅವತ್ತು ಬಂದಿದ್ದ ಲಾರಿ ಡ್ರೈವರೊಬ್ಬನ ನೆನಪಾಯಿತು. ಅವನ ಚೀಟಿಯಲ್ಲಿ ಡಾಕ್ಟರೇ ಬರೆದಿದ್ದರು, ಪಿತ್ತಜನಕಾಂಗದಲ್ಲಿ ರಕ್ತದಿಂದ ಹರಡುವ ಹಳೆಯ ಸೋಂಕು ಎಂದು. ಬೆಳಗ್ಗೆ ಅವನ ದವಡೆ ಹಲ್ಲು ಕಿತ್ತ ಇಕ್ಕಳ, ಇಪ್ಪತ್ತೈದು ನಿಮಿಷ ನೆನೆದು, ಲಕೋಟೆಯೊಳಗೆ ಹೋಗಿ, ಊರವರು ಗೌರವದಿಂದ ದೋನ್ಯ ಎನ್ನುವ ಮುದುಕಿ ಒಬ್ದೂಲಿಯಳ ಬಾಯಿಗೆ ಹೋಗಿತ್ತು. ಎಂಟು ಗಂಟೆ, ನೂರ ಇಪ್ಪತ್ತೊಂದು, ಮೂವತ್ತು, ಸಹಿ.

"ಜೂನ್ ಎಂಟು ಕೆಂಪು ಬಣ್ಣದಲ್ಲಿದೆ, ರಜ. ಬಿಡು," ಎಂದರು ಡಾಕ್ಟರು. "ಒಂಬತ್ತು. ಹತ್ತು. ಜೂನ್ ಹನ್ನೆರಡು, ಸೋಮವಾರ."

ಜೂನ್ ಹನ್ನೆರಡರಂದು ಅವಳು ಹಿರೋನ್‌ನಲ್ಲಿರುವ ತಂಗಿಯ ಮನೆಯಲ್ಲಿದ್ದಳು. ಚರ್ಚಿನ ಕಾರ್ಪುಸ್ ಹಬ್ಬವನ್ನು ಗುರುವಾರದಿಂದ ಸೋಮವಾರಕ್ಕೆ ಸರಿಸಿ ದೇಶಕ್ಕೆಲ್ಲ ರಜ ಕೊಟ್ಟಿದ್ದರು. ಮೂರು ದಿನ ಒಟ್ಟಿಗೆ ಸಿಕ್ಕಿತ್ತು. ಡಾಕ್ಟರೂ ತೋಟಕ್ಕೆ ಹೋಗಿದ್ದರು. ಅವಳಿಗೆ ಚೆನ್ನಾಗಿ ನೆನಪಿತ್ತು. ಬರಿ ಎಂದಿದ್ದರಲ್ಲ. ಬರೆದಳು. ಮುಂದಿನ ಸೋಮವಾರ, ಹತ್ತೊಂಬತ್ತು, ಅದೂ ಹಬ್ಬದ ರಜ. ಅದನ್ನೂ ಬರೆದಳು. ಸುಸ್ತಿನಿಂದ ಸುಮ್ಮನಾದಳೋ, ಹಟದಿಂದಲೋ, ಅಥವಾ ಯಾರಾದರೂ ಕಂಡುಹಿಡಿಯಲಿ ಎಂದು ಮನಸ್ಸಿನ ಯಾವುದೋ ಮೂಲೆ ಕಾಯುತ್ತಿತ್ತೋ, ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಅವಳಿಗೆ ನಿಜವಾದ ಉತ್ತರ ಸಿಗಲಿಲ್ಲ.

ಗುರುವಾರ ಬಂದವಳು ಯುರ್ಲೆಯ್ ಎಂಬ ಹುಡುಗಿ. ಮೂವತ್ತಾಗಿರಲಿಕ್ಕಿಲ್ಲ. ಗುಡ್ಡದ ತಿರುವುಗಳಲ್ಲಿ ಎರಡು ಗಂಟೆ ಬಸ್ಸಿನಲ್ಲಿ ಕೂತು ಮುಖ ಬೆಳ್ಳಗಾಗಿತ್ತು.

"ಬೆಲ್ಲದ ನೀರು ಕಾಯಿಸಿಕೊಡ್ಲಾ ಅಮ್ಮ? ನಿಂಬೆ ಹಿಂಡಿ?" ಎಂದಳು ಎಡೆಲ್ಮಿರ.

"ಬೇಡಮ್ಮ. ತಪಾಸಣೆಗೆ ಹೋದ ಕಡೆ ನೀರೂ ಮುಟ್ಟಬಾರದು ಅಂತ ನಿಯಮ."

"ತಲೆ ತಿರುಗಿ ಬಿದ್ರೆ?"

"ಬಿದ್ರೆ ಅದನ್ನೂ ವರದೀಲಿ ಬರೀತೀನಿ," ಎಂದು ಆಕೆ ನಕ್ಕಳು.

ಮೊದಲರ್ಧ ಗಂಟೆ ಚೆನ್ನಾಗಿಯೇ ಹೋಯಿತು. ಸಿಂಕು ನೋಡಿದಳು, ಸೂಜಿ ಹಾಕುವ ಡಬ್ಬಿ ನೋಡಿದಳು, ಔಷಧಿಗಳ ತಾರೀಕು ನೋಡಿದಳು. ಆಮೇಲೆ ಎರಡನೇ ಕಡತ ತೆರೆದು, ನಡುವಿನ ಒಂದು ಪುಟದಲ್ಲಿ ನಿಂತು, ಗಟ್ಟಿಯಾಗಿ ಓದಿದಳು.

"'ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು.' ಡಾಕ್ಟ್ರೇ, ನಿಮ್ಮ ರೋಗಿಗಳಿಗೆ ಮಾಲೀಕರಿದ್ದಾರಾ?"

ಡಾಕ್ಟರು ಒಂದು ಕ್ಷಣವೂ ತಡವರಿಸಲಿಲ್ಲ. "ಮದುವೆ ಆದೋರಿಗೆಲ್ಲ ಇದ್ದಾರಲ್ಲಮ್ಮ."

"'ಅರಿವಳಿಕೆ ಪೂರ್ತಿ ಇಳಿಯುವವರೆಗೆ ರೋಗಿಯ ಬಾಯಿಕುಕ್ಕೆ ಬಿಚ್ಚಬಾರದು.'" ಆಕೆ ಕಡತ ಮುಚ್ಚಿದಳು. "ಇದು ನಾಯಿ ಬೆಕ್ಕಿನ ಆಸ್ಪತ್ರೇದು. ಹೆಸರು ಮಾತ್ರ ಬದಲಾಯಿಸಿ ಮಾರಿದ್ದಾರೆ. ಈ ವರ್ಷ ಬಾಯಿಕುಕ್ಕೆ ಸಿಕ್ಕಿದ್ದು ಇದು ಮೂರನೇ ಕಡೆ."

ಮೂವರೂ ನಕ್ಕರು. ಎಡೆಲ್ಮಿರ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಮುಗಿಯಿತು, ಇಷ್ಟೇ, ಎನ್ನಿಸಿತು. ಆಗ ಯುರ್ಲೆಯ್ ಮೂರನೇ ಕಡತ ಎಳೆದುಕೊಂಡು ದಾಖಲೆಯ ಹಾಳೆಗಳನ್ನು ತಿರುವತೊಡಗಿದಳು. ಬೆರಳು ಸಾಲು ಸಾಲಾಗಿ ಇಳಿಯಿತು. ಮಾರ್ಚಿನ ಕಾಫಿ ಕಲೆಯನ್ನು ದಾಟಿತು. ಮೇ ತಿಂಗಳ ಪುಟದಲ್ಲಿ ಒಂದು ಕಡೆಯೂ ನಿಲ್ಲಲಿಲ್ಲ. ಜೂನಿನಲ್ಲಿ ನಿಂತಿತು.

"ಹನ್ನೆರಡನೇ ತಾರೀಕು ತೆರೆದಿದ್ರಾ?"

"ಸೋಮವಾರ ಅಲ್ವಾ? ತೆರೆದಿರ್ತೀವಿ," ಎಂದರು ಡಾಕ್ಟರು.

"ಕಾರ್ಪುಸ್ ಹಬ್ಬದ ಸೋಮವಾರ ಡಾಕ್ಟ್ರೇ. ಅವತ್ತು ಊರಲ್ಲಿ ಬ್ರೆಡ್ಡಿನ ಅಂಗಡೀನೂ ತೆರೆದಿರ್ಲಿಲ್ಲ ಅನ್ಸುತ್ತೆ. ನೀವು ಮೂರು ಸಲ ಯಂತ್ರ ಹಾಕಿದ್ದೀರಿ. ಮುಂದಿನ ಸೋಮವಾರಾನೂ ಹಬ್ಬ, ಅವತ್ತೂ ಮೂರು ಸಲ. ಆದ್ರೆ ಎಂಟನೇ ತಾರೀಕು ಗುರುವಾರ, ಎಲ್ರೂ ಕೆಲಸ ಮಾಡೋ ದಿನ, ಖಾಲಿ." ಆಕೆ ತಲೆಯೆತ್ತಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಎದ್ದು ಹತ್ತಿರ ಹೋಗಿ ಕೆಳಗಿನ ಸಣ್ಣ ಅಕ್ಷರ ಓದಿದಳು. ಹಲ್ಲಿನ ಸಿಮೆಂಟು ಮಾರುವ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರ್ ಅದು. "ಬ್ರೆಜಿಲ್‌ದು. ಅಲ್ಲಿ ಆ ಹಬ್ಬ ಗುರುವಾರಾನೇ ಮಾಡ್ತಾರೆ."

ಹೊರಗೆ ಬೀದಿಯಲ್ಲಿ ಗ್ಯಾಸ್ ಸಿಲಿಂಡರಿನ ಗಾಡಿ ಗಂಟೆ ಬಾರಿಸುತ್ತ ಹೋಯಿತು.

"ಈ ಬರೆಯೋದೆಲ್ಲ ಸಹಾಯಕಿಯ ಕೆಲಸ," ಎಂದರು ಡಾಕ್ಟರು. "ನಾನು ಹಲ್ಲು ನೋಡ್ಲಾ, ಹಾಳೆ ನೋಡ್ಲಾ? ಆಕೆಗೂ ವಯಸ್ಸಾಯ್ತು. ದಿನಾ ಬರಿ ಅಂತ ಎಷ್ಟು ಹೇಳಿದ್ರೂ ಕೇಳಲ್ಲ, ಎಲ್ಲಾ ಒಟ್ಟಿಗೆ ಗೀಚಿಡ್ತಾಳೆ."

ಎಡೆಲ್ಮಿರ ಅವರ ಮುಖ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಆಕೆ. ಇಪ್ಪತ್ತಮೂರು ವರ್ಷದಲ್ಲಿ ಅವಳು ಮಗಳಾಗಿದ್ದಳು, ಕತ್ತೆಯಾಗಿದ್ದಳು, ಬೆಳಗಿನ ಹೊತ್ತು ಕಾಫಿ ತಡವಾದರೆ ರಾಣಿಯಾಗಿದ್ದಳು. ಆಕೆ ಆಗಿದ್ದು ಅದೇ ಮೊದಲು.

ಯುರ್ಲೆಯ್ ಅವಳ ಕಡೆ ತಿರುಗಿದಳು. "ನೀವೇ ಬರೆದಿದ್ದಾ ಅಮ್ಮ?"

"ಅಕ್ಷರ ನಂದೇ."

"ಅದು ಕಾಣುತ್ತೆ." ಆಕೆ ಪೆನ್ನನ್ನು ಕೆಳಗಿಟ್ಟಳು. "ಬೇರೇನಾದ್ರೂ ಹೇಳೋದಿದೆಯಾ?"

ಹುಡುಗಿಯ ಕಣ್ಣಲ್ಲಿ ಕನಿಕರವಿತ್ತೋ, ಬರೀ ಪ್ರಯಾಣದ ಆಯಾಸವಿತ್ತೋ. ಡಾಕ್ಟರು ಬಟ್ಟೆಯಲ್ಲಿ ಕನ್ನಡಕ ಒರೆಸುತ್ತಿದ್ದರು.

"ಇಲ್ಲಮ್ಮ," ಎಂದಳು ಎಡೆಲ್ಮಿರ.

ಯುರ್ಲೆಯ್ ಯಂತ್ರವನ್ನು ತನ್ನೆದುರೇ ಒಂದು ಸಲ ಹಾಕಿಸಿದಳು. ಲಕೋಟೆಯ ಗೆರೆ ಕಂದಾಗಿ ಹೊರಬಂತು. ಯಂತ್ರ ಸರಿಯಿದೆ, ದಾಖಲೆ ನಂಬಲರ್ಹವಲ್ಲ, ಹತ್ತು ಕೆಲಸದ ದಿನಗಳೊಳಗೆ ಲಿಖಿತ ವಿವರಣೆ ಕೊಡಬೇಕು ಎಂದು ಬರೆದು, ಡಾಕ್ಟರ ಸಹಿ ತೆಗೆದುಕೊಂಡು, ಎರಡು ಗಂಟೆಯ ಬಸ್ಸಿಗೆ ಹೊರಟಳು. ಕುರ್ಚಿಗೆ ಸೀಲು ಬೀಳಲಿಲ್ಲ.

"ಬದುಕಿದ್ವಿ," ಎಂದು ಡಾಕ್ಟರು ರೋಗಿಯ ಕುರ್ಚಿಯಲ್ಲೇ ಕುಸಿದು ಕೂತರು. "ಆ ಕ್ಯಾಲೆಂಡರ್ ಹರಿದು ಒಲೆಗೆ ಹಾಕು ಮಗಳೇ."

ಅವಳು ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿದಳು.

ಮರುದಿನ ಬೆಳಗ್ಗೆ ಮೇಜಿನ ಮೇಲೆ ಟೈಪ್ ಮಾಡಿದ ಒಂದು ಹಾಳೆಯಿತ್ತು. ಡಾಕ್ಟರ ಅಳಿಯ ವಕೀಲ; ರಾತ್ರಿಯೇ ಬರೆಸಿದ್ದರು.

"ಓದ್ಕೊ. ಏನೂ ಇಲ್ಲ ಅದರಲ್ಲಿ. ಒಂದು ಸಹಿ ಹಾಕಿದ್ರೆ ಮುಗೀತು."

ಅವಳು ಓದಿದಳು. ಎಡೆಲ್ಮಿರ ರಾಂಹೆಲ್ ಎಂಬ ನಾನು, ನನ್ನ ಸ್ವಂತ ನಿರ್ಲಕ್ಷ್ಯದಿಂದ, ಡಾಕ್ಟರ ಗಮನಕ್ಕೆ ತಾರದೆ, ದಾಖಲೆಯ ಹಾಳೆಗಳನ್ನು ಒಂದೇ ಸಲ ತುಂಬಿರುತ್ತೇನೆ. ಅಷ್ಟು ಅವಳು ನಿರೀಕ್ಷಿಸಿದ್ದೇ. ನಡೆಯುತ್ತ ಬರುವಾಗ ದಾರಿಯಲ್ಲೇ ಅದನ್ನು ಅರ್ಧ ನುಂಗಿಯೂ ಆಗಿತ್ತು. ಹಬ್ಬದ ದಿನ ಬರೆದದ್ದು ತಪ್ಪು, ಬರೆದ ಕೈ ತನ್ನದು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಈ ವರ್ಷದ ಆರಂಭದಿಂದ ಇಂದಿನವರೆಗೆ ಯಂತ್ರವು ಒಂದು ದಿನವೂ ನಿಲ್ಲದೆ ಕೆಲಸ ಮಾಡಿದೆ, ಶುದ್ಧಗೊಳಿಸದ ಉಪಕರಣವನ್ನು ಯಾವ ರೋಗಿಗೂ ಬಳಸಿಲ್ಲ ಎಂದು ಪ್ರಮಾಣ ಮಾಡುತ್ತೇನೆ.

ಆ ಸಾಲನ್ನು ಅವಳು ಮೂರು ಸಲ ಓದಿದಳು.

"ಈ ಸಾಲು ಯಾಕೆ ಡಾಕ್ಟ್ರೇ? ಅವರು ಅದನ್ನ ಕೇಳೇ ಇಲ್ವಲ್ಲ."

"ಕೇಳಬಾರದು ಅಂತಾನೇ. ಮುಂದೆ ಯಾವನಾದ್ರೂ ಬಾಯಿ ಬಿಟ್ರೆ? ಆ ಕಾಫಿ ಯಂತ್ರದೋನು ಕುಡಿದ್ರೆ ಊರೆಲ್ಲ ಹೇಳ್ತಾನೆ. ನಿನ್ನ ಪ್ರಮಾಣ ಅಂತ ಒಂದಿದ್ರೆ ಗಟ್ಟಿ."

"ನನ್ನ ಪ್ರಮಾಣ."

"ನಿನಗೇನೂ ಆಗಲ್ಲ ಮಗಳೇ. ಹೆಚ್ಚಂದ್ರೆ ಎರಡು ದಿನ ತರಬೇತಿಗೆ ಹೋಗು ಅಂತಾರೆ, ಬುಕಾರಮಾಂಗದಲ್ಲಿ ಬಟ್ಟೆ ಅಂಗಡಿ ಸುತ್ತಿಕೊಂಡು ಬಾ. ನನ್ನ ಹೆಸರು ಬಂದ್ರೆ ಬಾಗಿಲೇ ಮುಚ್ತಾರೆ. ಬಾಗಿಲು ಮುಚ್ಚಿದ್ರೆ ನೀನೆಲ್ಲಿಗೆ ಹೋಗ್ತೀಯ? ಐವತ್ತೊಂದಾಯ್ತು ನಿಂಗೆ. ಯಾರು ಕರೀತಾರೆ?" ಅವರು ಅವಳ ಭುಜದ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಯಾವಾಗಿನ ಲವಂಗದ ಎಣ್ಣೆಯ ವಾಸನೆ. "ನಾನು ಇನ್ನೆಷ್ಟು ದಿನ? ಎರಡು ವರ್ಷ. ನನ್ನನ್ನ ಮರ್ಯಾದೆಯಿಂದ ಮನೆಗೆ ಕಳಿಸು."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಚುಚ್ಚಿತು. ಕೆಲಸ ಹೋಗುವುದು ನಿಜ, ಯಾರೂ ಕರೆಯದಿರುವುದು ನಿಜ, ಅವರ ಕೈ ಬೆಚ್ಚಗಿರುವುದೂ ನಿಜ.

"ನಾಳೆ ನಾಡಿದ್ದರಲ್ಲಿ ಹಾಕ್ತೀನಿ," ಎಂದು ಹಾಳೆಯನ್ನು ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಹನ್ನೊಂದಕ್ಕೆ ದೋನ್ಯ ಒಬ್ದೂಲಿಯ ಬಂದಳು, ಮೇ ತಿಂಗಳಲ್ಲಿ ಹಲ್ಲು ಕೀಳಿಸಿಕೊಂಡ ಜಾಗಕ್ಕೆ ಹೊಸ ಹಲ್ಲಿನ ಅಳತೆ ಕೊಡಲು. ಎಪ್ಪತ್ತೆರಡರ ಮುದುಕಿ, ಊರ ಸುದ್ದಿಯೆಲ್ಲ ಅವಳ ಸೆರಗಿನಲ್ಲಿ. ಕುರ್ಚಿಯಲ್ಲಿ ಒರಗುವ ಮೊದಲೇ ಶುರು ಮಾಡಿದಳು.

"ಏನೇ ಎಡೆಲ್ಮಿರ, ಆ ಪೇಟೆ ಹುಡುಗಿ ಬಂದು ಕುಣಿದು ಹೋದ್ಲಂತೆ?"

"ಯಾರು ಹೇಳಿದ್ರು?"

"ಡಾಕ್ಟ್ರ ಹೆಂಡ್ತೀನೇ ಹೇಳಿದ್ಲು, ಬೆಳಗ್ಗೆ ಪೂಜೆ ಮುಗಿಸಿ ಬರುವಾಗ. ನೀನು ಏನೋ ಪುಸ್ತಕ ಸರಿಯಾಗಿ ಬರೀಲಿಲ್ವಂತೆ. ಪಾಪ, ಡಾಕ್ಟ್ರು ನಿನ್ನ ಬಿಟ್ಟುಕೊಡಲಿಲ್ಲ ಅಂತೆ. ಬೇರೆಯೋರಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು. ದೇವರಂಥ ಮನುಷ್ಯ ಕಣೇ."

ಎಡೆಲ್ಮಿರ ಮುದುಕಿಯ ಕೊರಳಿಗೆ ಕಾಗದದ ಟವೆಲ್ಲು ಕಟ್ಟಿದಳು. ಜೇಬಿನ ಕಾಗದಕ್ಕೆ ಸಹಿ ಬೀಳುವ ಮೊದಲೇ ಊರು ಅದನ್ನು ಓದಿ ಮುಗಿಸಿತ್ತು.

"ಬಾಯಿ ತೆಗೀರಿ."

"ತಡಿಯೇ. ಮೊದಲು ಲಕೋಟೆ ತೋರಿಸು." ಒಬ್ದೂಲಿಯ ಕಣ್ಣು ಮಿಟುಕಿಸಿದಳು. "ನನ್ನ ಸೊಸೆ ಪೇಟೆಗೆ ಹೋಗಿ ಹಲ್ಲು ತೋರಿಸ್ತೀನಿ ಅಂತಾಳೆ. ನಾನಂದೆ, ನಮ್ಮ ಎಡೆಲ್ಮಿರ ಕಣ್ಣೆದುರಿಗೇ ಲಕೋಟೆ ಹರೀತಾಳೆ ಕಣೇ, ಅಂಥ ಚೊಕ್ಕ ಆ ಪೇಟೇಲೂ ಇಲ್ಲ. ಸೋಮವಾರ ಅವಳನ್ನೂ ಕರ್ಕೊಂಡು ಬರ್ತೀನಿ. ಆರು ತಿಂಗಳ ಬಸುರಿ, ಹುಷಾರಾಗಿ ನೋಡ್ಬೇಕು."

ಎಡೆಲ್ಮಿರ ಲಕೋಟೆಯನ್ನು ಬೆಳಕಿಗೆ ಹಿಡಿದಳು. ಗೆರೆ ಕಂದಾಗಿತ್ತು. ಇವತ್ತು ಕಂದಾಗಿತ್ತು. ಮುದುಕಿ ಗೆರೆಯ ಕಡೆ ನೋಡಲೇ ಇಲ್ಲ. ನೋಡಿದ್ದು ಎಡೆಲ್ಮಿರಳ ಮುಖವನ್ನು. ಹರಿದ ಸದ್ದು ಕೇಳಿ ತೃಪ್ತಿಯಾಗಿ ತಲೆಯಾಡಿಸಿ ಬಾಯಿ ತೆರೆದಳು. ಹಲ್ಲು ಹೋದ ಜಾಗದಲ್ಲಿ ವಸಡು ಗುಲಾಬಿಯಾಗಿ ಕೂಡಿಕೊಂಡಿತ್ತು. ಮೇಲೆ ನೋಡಿದರೆ ಏನೂ ಆಗಿಲ್ಲ. ಏನೂ ಆಗಿರಲಿಕ್ಕಿಲ್ಲ. ಲಾರಿ ಡ್ರೈವರನ ರೋಗ ಹಳೆಯದು. ಆದರೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಈ ಮುದುಕಿಗೆ ಹೇಳಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ. ಒಬ್ಬರು ಹೇಳುವುದಿಲ್ಲ.

ಅಚ್ಚಿನ ಹಿಟ್ಟು ಬಾಯೊಳಗೆ ಗಟ್ಟಿಯಾಗಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ಒಬ್ದೂಲಿಯ ಮಾತಾಡುವಂತಿರಲಿಲ್ಲ. ಡಾಕ್ಟರು ಕೈ ತೊಳೆಯಲು ಒಳಗೆ ಹೋದರು. ಎಡೆಲ್ಮಿರ ಅಚ್ಚಿನ ತಟ್ಟೆಯನ್ನು ಎರಡು ಬೆರಳಿನಿಂದ ಒತ್ತಿ ಹಿಡಿದು ನಿಂತಳು. ನಿಂತಲ್ಲೇ, ಮೇ ಎಂಟರಿಂದ ಶುರುಮಾಡಿ, ಆ ಕುರ್ಚಿಯಲ್ಲಿ ಕೂತವರನ್ನು ಒಬ್ಬೊಬ್ಬರನ್ನಾಗಿ ನೆನೆಸಿಕೊಳ್ಳತೊಡಗಿದಳು. ಶಾಲೆಯ ಟೀಚರು. ಔಷಧಿ ಅಂಗಡಿಯವನ ಇಬ್ಬರು ಹೆಣ್ಣುಮಕ್ಕಳು. ಪಾದ್ರಿಯ ಅಡುಗೆಯವಳು. ತಂಬಾಕಿನ ಗೋದಾಮಿನ ಕಾವಲುಗಾರ. ಯಾವ ಹಾಳೆಯೂ ಬೇಕಾಗಲಿಲ್ಲ. ಒಬ್ಬರ ಹಿಂದೆ ಒಬ್ಬರು, ತೆರೆದ ಬಾಯಿಗಳ ಸಮೇತ ಬಂದು ನಿಂತರು.

ಆ ಹುಡುಗಿ ಕೇಳಿದ್ದಳು, ಬೇರೇನಾದ್ರೂ ಹೇಳೋದಿದೆಯಾ ಎಂದು. ಹೇಳಿದರೆ ಮೊದಲು ಏನು ಹೇಳಬೇಕು? ಕುಕ್ಕರ್ ಕೆಟ್ಟದ್ದೋ, ಡಾಕ್ಟರು ಬರೆಸಿದ್ದೋ? ಅಲ್ಲ. ಲಕೋಟೆಯದು. ಅದನ್ನು ಮೊದಲು ಹೇಳಿಬಿಡಬೇಕು; ಆಮೇಲೆ ಎಂದು ಉಳಿಸಿಕೊಂಡರೆ ಅದು ಬಾಯಿಂದ ಬರುವುದೇ ಇಲ್ಲ. ಹೇಳಿದ ಮೇಲೆ ಈ ಊರಿನಲ್ಲಿ ಅವಳ ಮುಖ ಯಾರೂ ನೋಡುವುದಿಲ್ಲ. ಡಾಕ್ಟರನ್ನು ಕ್ಷಮಿಸುತ್ತಾರೆ, ಅವಳನ್ನಲ್ಲ. ಈ ಮುದುಕಿಯೂ ಕ್ಷಮಿಸುವುದಿಲ್ಲ. ಅಷ್ಟನ್ನೂ ಅವಳು ಒಂದೊಂದಾಗಿ ಮುಟ್ಟಿ ನೋಡಿದಳು, ಯಾವುದೂ ಮೆತ್ತಗಾಗಲಿಲ್ಲ.

"ಆಯ್ತಾ ಮಗಳೇ?" ಒಳಗಿನಿಂದ ಡಾಕ್ಟರು ಕೂಗಿದರು.

"ಇನ್ನೊಂದು ನಿಮಿಷ."

"ಸೋಮವಾರ ಅರ್ಧ ಗಂಟೆ ಮುಂಚೆ ಬಾ. ಎರಡು ಹಲ್ಲು ಕೀಳೋದಿದೆ. ಬರುವಾಗ ಆ ಕಾಗದಾನೂ ತಾ."

"ಸರಿ ಡಾಕ್ಟ್ರೇ."

ಸೋಮವಾರ ಬುಕಾರಮಾಂಗಕ್ಕೆ ಮೊದಲ ಬಸ್ಸು ಐದು ಗಂಟೆಗೆ. ಆರೋಗ್ಯ ಇಲಾಖೆಯ ಬಾಗಿಲು ತೆಗೆಯುವುದು ಎಂಟಕ್ಕೆ. ಅದಕ್ಕೆ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತಿರಬಹುದು. ತಂಗಿಗೆ ಹೇಳುವುದು ಬೇಡ, ಹೇಳಿದರೆ ಅಳುತ್ತಾಳೆ. ಹೆಸರುಗಳನ್ನು ಭಾನುವಾರ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು, ಒಂದೇ ಪೆನ್ನಿನಲ್ಲಿ.

ಅವಳು ಅಚ್ಚಿನ ತಟ್ಟೆಯನ್ನು ಮೆಲ್ಲಗೆ ಸಡಿಲಿಸಿ ಹೊರತೆಗೆದಳು. ಒಬ್ದೂಲಿಯ ಕೆಮ್ಮಿ, ಹಿಟ್ಟಿನ ಚೂರು ಉಗಿದು, ಮತ್ತೆ ಮಾತು ಶುರು ಮಾಡಿದಳು.

"ಏನೇ, ಅಷ್ಟೊತ್ತಿನಿಂದ ನನ್ನ ಬಾಯೊಳಗೆ ಏನು ನೋಡ್ತಿದ್ದೆ?"

"ಏನಿಲ್ಲ, ದೋನ್ಯ. ಬಾಯಿ ಮುಕ್ಕಳಿಸಿ," ಎಂದು ಎಡೆಲ್ಮಿರ ಲೋಟಕ್ಕೆ ನೀರು ಬಿಟ್ಟಳು.